ಗೋಸ್ಕರಪ್ಪನ ಬೆಚ್ಚನೆಯ ಊರು

ಬಂಡೆಮನೆ ಮಾರಾಟವಾದ ಸುದ್ದಿಯನ್ನು ಮನೆ ದಲ್ಲಾಳಿ ತಂದಾಗ ಇಸ್ತ್ರಿಯಮ್ಮ ಅವನದೇ ಬಿಳಿ ಅಂಗಿಯ ಕಾಲರಿನ ಮೇಲೆ ಪೆಟ್ಟಿಗೆ ಓಡಿಸುತ್ತಿದ್ದಳು. ಯಾರು ತೆಗೆದುಕೊಂಡರು ಎಂದು ಕೇಳಿದ್ದಕ್ಕೆ ಅವನು ಒಂದೇ ಉಸಿರಿಗೆ ಕತೆ ಹೇಳಿದ. ದೂರದ ಚಳಿ ನಗರದವರಂತೆ. ಹೆಂಡತಿಗೆ ಬೆರಳು ಸೆಟೆದುಕೊಳ್ಳುವ ಕಾಯಿಲೆಯಂತೆ. ಬೆಚ್ಚಗಿನ ಊರಲ್ಲಿದ್ದರೆ ಗುಣವಾಗುತ್ತದೆಂದು ಡಾಕ್ಟರು ಹೇಳಿದ್ದೇ ತಡ, ಗಂಡ ಇದ್ದ ಮನೆ ಮಾರಿ, ಇದ್ದ ಕೆಲಸ ಬಿಟ್ಟು, ಹೆತ್ತ ತಾಯಿಯನ್ನೂ ಕಟ್ಟಿಕೊಂಡು ಈ ಊರಿಗೆ ಬರುತ್ತಿದ್ದಾನಂತೆ. ಹೆಂಡತಿಗಾಗಿ ಇಷ್ಟು ಮಾಡುವ ಗಂಡಸು ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಎಂದು ದಲ್ಲಾಳಿ ಕಣ್ಣು ಒರೆಸಿಕೊಳ್ಳುವುದೊಂದು ಬಾಕಿ.

“ಬೆಚ್ಚಗಿರೋಕೆ ಬಂಡೆಮನೆಗಾ?” ಎಂದು ಕೇಳಿ ನಗಲು ಶುರು ಮಾಡಿದ ಇಸ್ತ್ರಿಯಮ್ಮ ಕೈಯಲ್ಲಿದ್ದ ಪೆಟ್ಟಿಗೆಯನ್ನೇ ಮರೆತಳು. ಕಾಲರಿನ ಮೇಲೆ ಅಂಗೈಯಗಲ ಕಂದು ಕಲೆ ಎದ್ದಿತು. ನಲವತ್ತು ವರ್ಷದ ಕಸುಬಿನಲ್ಲಿ ಆಕೆ ಸುಟ್ಟ ಬಟ್ಟೆ ಮೂರೇ ಮೂರು. ಆ ಮೂರನೆಯದನ್ನು, ಇನ್ನೂ ಮುಖ ನೋಡಿರದ ಆ ಮನುಷ್ಯನ ತಲೆಗೆ ಕಟ್ಟಿದಳು.

ಬಂಡೆಮನೆಯ ಗುಟ್ಟು ಬೀದಿಗೆಲ್ಲ ಗೊತ್ತು. ಊರೇನೋ ಬಿಸಿಲೂರೇ, ವರ್ಷದಲ್ಲಿ ಎಂಟು ತಿಂಗಳು ನಾಯಿಗಳು ಸಹ ಗೋಡೆಯ ನೆರಳಿಗೆ ಅಂಟಿಕೊಂಡೇ ನಡೆಯುತ್ತವೆ. ಆದರೆ ಆ ಮನೆಯ ಬೆನ್ನಿಗೆ, ದಕ್ಷಿಣ ದಿಕ್ಕಿನಲ್ಲಿ, ನಾಲ್ಕು ಮಹಡಿ ಎತ್ತರದ ಒಂದೇ ಬಂಡೆ ನಿಂತಿದೆ. ಬೇಸಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಅಂಗಳ ಕಾದ ಹಂಚು. ಚಳಿ ತಿಂಗಳು ಬಂದು ಸೂರ್ಯ ದಕ್ಷಿಣಕ್ಕೆ ವಾಲಿದನೋ, ಬಂಡೆ ಅಡ್ಡ. ಅಲ್ಲಿಂದ ನಾಲ್ಕು ತಿಂಗಳು ಆ ಮನೆಯ ಹೊಸ್ತಿಲನ್ನು ಬಿಸಿಲು ಮುಟ್ಟುವುದಿಲ್ಲ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಒಗೆದ ಬಟ್ಟೆ ಮೂರು ದಿನವಾದರೂ ಹಸಿ. ರಸ್ತೆಯ ಈಚೆ ಬದಿಗಿದ್ದ ಇಸ್ತ್ರಿಯಮ್ಮನ ಮನೆಯತನಕ ಬಂಡೆಯ ನೆರಳು ಎಟಕುತ್ತಿರಲಿಲ್ಲ. ಹಾಗಾಗಿ ಹಿಂದೆ ಅಲ್ಲಿ ಬಾಡಿಗೆಗಿದ್ದವರೆಲ್ಲ ಹಸಿ ಬಟ್ಟೆಯ ಬುಟ್ಟಿ ಹಿಡಿದು ಇವಳ ಅಂಗಳಕ್ಕೆ ಬಂದವರೇ, ಒಂದು ಚಳಿಗಾಲ ಮುಗಿಯುತ್ತಲೇ ಗಂಟುಮೂಟೆ ಕಟ್ಟಿದವರೇ.

ಅವನು ಮನೆ ನೋಡಲು ಬಂದದ್ದು ಯಾವಾಗ ಎಂದು ಕೇಳಿದಳು. ಉರಿಬೇಸಗೆಯಲ್ಲಿ, ಮಟಮಟ ಮಧ್ಯಾಹ್ನ ಎಂದ ದಲ್ಲಾಳಿ. ಬಿಸಿಲಿನ ವಿಷಯ ಏನಾದರೂ ವಿಚಾರಿಸಿದನೇ ಎಂದಳು.

“ಹಿತ್ತಲ ಗೇಟು ಎಷ್ಟು ಅಗಲ ಅಂತ ವಿಚಾರಿಸಿದ. ಟೇಪು ಹಿಡಿದು ತಾನೇ ಅಳೆದ. ಗೇಟಿನಾಚೆ ದಾರಿ ಎಲ್ಲಿಗೆ ಹೋಗುತ್ತೆ ಅಂದ. ಬಂಡೆ ಸುತ್ತಿಕೊಂಡು ಗುಡ್ಡಕ್ಕೆ ಹತ್ತುತ್ತೆ, ಬರೀ ಕಲ್ಲು ಮಣ್ಣು, ಯಾರೂ ಓಡಾಡಲ್ಲ ಅಂದೆ. ಅಲ್ಲೇ ಕೈ ಕುಲುಕಿಬಿಟ್ಟ. ಅಡುಗೆಮನೆ ಯಾವ ಕಡೆ ಇದೆ ಅಂತಾನೂ ನೋಡಲಿಲ್ಲ.”

ಆ ಗೇಟಿನ ಅಗಲ ಯಾಕೆ ಬೇಕಾಗಿತ್ತು ಎಂಬುದು ಲಾರಿ ಬಂದ ದಿನ ತಿಳಿಯಿತು. ಮೊದಲು ಇಳಿದದ್ದು ಮಂಚವಲ್ಲ, ಬೀರುವಲ್ಲ. ಮನೆಯಲ್ಲಿದ್ದ ಕಂಬಳಿ ರಜಾಯಿಗಳನ್ನೆಲ್ಲ ಸುತ್ತಿ, ಹಗ್ಗ ಬಿಗಿದ ಎರಡು ಬೈಕುಗಳು. ಎತ್ತರದ ಬೈಕುಗಳು, ಹಲ್ಲು ಹಲ್ಲು ಗಾಲಿಗಳು, ರಸ್ತೆಗಲ್ಲ, ಗುಡ್ಡ ಹತ್ತಲೆಂದೇ ಮಾಡಿದವು. ಅವನ್ನು ಇಳಿಸುವಾಗ ಗಂಡ ಎನ್ನುವವನು ಬಾಣಂತಿಯನ್ನು ಇಳಿಸುವ ಹಾಗೆ ಮೆಲ್ಲಗೆ, ಮೆಲ್ಲಗೆ ಎನ್ನುತ್ತಾ ಸುತ್ತ ಮುತ್ತ ತಿರುಗುತ್ತಿದ್ದ. ಇತ್ತ ಲಾರಿಯ ಮುಂಭಾಗದಿಂದ ಅವನ ತಾಯಿ, ಎಪ್ಪತ್ತೈದು ದಾಟಿದ ಮುದುಕಿ, ಕಂಬಿ ಹಿಡಿದು ಒಂದು ಕಾಲು ಗಾಳಿಯಲ್ಲಿ ಬಿಟ್ಟು ನೆಲ ಹುಡುಕುತ್ತಿದ್ದಳು. ಇಸ್ತ್ರಿಯಮ್ಮ ರಸ್ತೆ ದಾಟಿ ಕೈ ಕೊಟ್ಟಳು.

“ಹೊದಿಕೆ ಎಲ್ಲ ಆ ಎರಡಕ್ಕೆ ಕಣೇ ತಂಗಿ,” ಎಂದಳು ಮುದುಕಿ, ಗುರುತು ಪರಿಚಯ ಏನೂ ಇಲ್ಲದೆ. “ನಾನೂ ನನ್ನ ಸೊಸೆಯೂ ಗೋಣಿಚೀಲ ಹೊದ್ದುಕೊಂಡು ಬಂದ್ವಿ.”

ಸೊಸೆ ಕೊನೆಯಲ್ಲಿ ಇಳಿದಳು. ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಎರಡೂ ಕೈಗಳನ್ನು ಬೇರೆ ಯಾರದೋ ಸಾಮಾನು ಎಂಬಂತೆ ಎದೆಗೆ ಹಿಡಿದುಕೊಂಡಿದ್ದಳು.

ಆಮೇಲೆ ಅವನು ಬಂದ. ಮೊಣಕಾಲಿನವರೆಗೆ ಬೂಟು, ಒಳಗೆ ಎಳೆದುಕೊಂಡ ಹೊಟ್ಟೆ, ಕೇಳದೇ ಇದ್ದರೂ ಹೇಳುವ ಬಾಯಿ. “ಇವಳಿಗೋಸ್ಕರ ಬಂದ್ವಿ ಅಮ್ಮ,” ಎಂದ. ಅದೇ ಮಾತನ್ನು ಹಾಲಿನವನಿಗೆ ಹೇಳಿದ, ಔಷಧಿ ಅಂಗಡಿಯಲ್ಲಿ ಹೇಳಿದ, ನಲ್ಲಿ ರಿಪೇರಿಗೆ ಬಂದವನನ್ನು ಅರ್ಧ ಗಂಟೆ ನಿಲ್ಲಿಸಿಕೊಂಡು ಹೇಳಿದ. ಇವಳಿಗೋಸ್ಕರ ಊರು ಬಿಟ್ಟೆ, ಇವಳಿಗೋಸ್ಕರ ಕೆಲಸ ಬಿಟ್ಟೆ, ಇವಳಿಗೋಸ್ಕರ ಸ್ನೇಹಿತರನ್ನು ಬಿಟ್ಟೆ. ವಾರ ತುಂಬುವುದರೊಳಗೆ ಬೀದಿಯ ಕ್ಷೌರದಂಗಡಿಯವನು ಆ ಮಾತಿನ ತಲೆ ಕತ್ತರಿಸಿ, ಬಾಲಕ್ಕೆ ಒಂದು ಅಪ್ಪನನ್ನು ಅಂಟಿಸಿ, ಗೋಸ್ಕರಪ್ಪ ಎಂದು ನಾಮಕರಣ ಮಾಡಿದ. ಅಲ್ಲಿಂದ ಅವನ ನಿಜ ಹೆಸರನ್ನು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಅವನ ಬದುಕಿನ ಕತೆಯೆಲ್ಲ ಇಸ್ತ್ರಿಯಮ್ಮನಿಗೆ ತಿಳಿದದ್ದು ತಾಯಿಯ ಬಾಯಿಂದ. ಇಸ್ತ್ರಿ ಮೇಜಿನ ಪಕ್ಕ ಕೂತು, ಗುಂಡಿ ಕಿತ್ತ ಅಂಗಿಗಳನ್ನು ಬೇರೆ ತೆಗೆದಿಡುತ್ತಾ ಆಕೆ ಮಗನನ್ನು ಒಂದೊಂದೇ ಪದರ ಬಿಚ್ಚುತ್ತಿದ್ದಳು. ಓದು ತಲೆಗೆ ಹತ್ತದೆ ಹದಿನೆಂಟಕ್ಕೇ ಲಿಫ್ಟು ರಿಪೇರಿ ಕಂಪನಿ ಸೇರಿದ. ಇಪ್ಪತ್ತೈದು ವರ್ಷ ಅದೇ ಕೆಲಸ. ಹಗಲೆಲ್ಲ ಕಟ್ಟಡಗಳ ಹೊಟ್ಟೆಯೊಳಗಿನ ಕತ್ತಲ ಕೊಳವೆಯಲ್ಲಿ, ಎಣ್ಣೆ ಸುರಿಯುವ ಹಗ್ಗಗಳ ನಡುವೆ, ಮೇಲಕ್ಕೆ ಹೋಗು ಕೆಳಕ್ಕೆ ಬಾ. “ಅದಕ್ಕೇ ಇರಬೇಕು ತಂಗಿ, ಅಡ್ಡಡ್ಡ ಓಡೋ ಹುಚ್ಚು ಹಿಡೀತು,” ಎಂದಿದ್ದಳು ತಾಯಿ. ಆ ಒಂದು ಮಾತು ಕೇಳಿದಾಗ ಮಾತ್ರ ಇಸ್ತ್ರಿಯಮ್ಮನಿಗೆ ಅವನ ಮೇಲೆ ಅಯ್ಯೋ ಅನ್ನಿಸಿತು. ಮರುದಿನ ಸಂಜೆ ಅವನು ಬಂದು ಬಾಯಿ ತೆರೆದ, ಅನ್ನಿಸಿದ್ದು ಹೋಯಿತು.

ಆ ಲಿಫ್ಟು ರಿಪೇರಿಯವನು ಬಂದು ನೆಲೆಸಿದ್ದು ಎರಡೇ ಎರಡು ಲಿಫ್ಟು ಇದ್ದ ಊರಿಗೆ. ಒಂದು ಆಸ್ಪತ್ರೆಯದು. ಇನ್ನೊಂದು ಯಾವುದೋ ಕಚೇರಿಯದು. ಅದು ಹುಟ್ಟಿದಾರಭ್ಯ ಓಡಿರಲಿಲ್ಲ, ಅದರೊಳಗೆ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದರು. ಆಸ್ಪತ್ರೆಯವರು ವಾರಕ್ಕೆ ಎರಡು ದಿನ ಬಾ ಎಂದರು. ಬೇರೆ ಯಾರೇ ಆಗಿದ್ದರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಗೋಸ್ಕರಪ್ಪ ಉಳಿದ ಐದು ದಿನ ಸಿಕ್ಕಿತೆಂದು ಹಲ್ಲು ಬಿಟ್ಟ.

ಬೆಳಕು ಹರಿಯುತ್ತಲೇ ಹಿತ್ತಲ ಗೇಟಿನಿಂದ ಬೈಕು ಕಿರುಚಿಕೊಂಡು ಹೊರಡುತ್ತಿತ್ತು. ಸಂಜೆ ಬರುವಾಗ ಅವನಿಗೂ ಗುಡ್ಡಕ್ಕೂ ಬಣ್ಣದಲ್ಲಿ ವ್ಯತ್ಯಾಸವಿರುತ್ತಿರಲಿಲ್ಲ. ರಜೆಯ ದಿನಗಳಲ್ಲಿ ಬೇರೆ ಕಡೆಗಳಿಂದ ಅಂಥವರೇ ನಾಲ್ವರು ಬಂದು ಸೇರುತ್ತಿದ್ದರು. ಅವರೆಲ್ಲರ ಕೋಟು ಪ್ಯಾಂಟುಗಳು ಒಗೆಯಲು ಬರುತ್ತಿದ್ದದ್ದು ಇಸ್ತ್ರಿಯಮ್ಮನ ಹತ್ತಿರವೇ. ಓದು ಎರಡನೇ ತರಗತಿಗೆ ನಿಂತಿದ್ದರೂ ಬಟ್ಟೆ ಓದುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಗುಡ್ಡದಲ್ಲಿ ತಾನೇ ಯಾವಾಗಲೂ ಮುಂದೆ, ಉಳಿದವರಿಗೆ ತನ್ನನ್ನು ಹಿಡಿಯಲಾಗುವುದಿಲ್ಲ ಎಂದು ಗೋಸ್ಕರಪ್ಪ ಬಡಾಯಿ ಕೊಚ್ಚಿದರೆ ಆಕೆ ಹೌದಪ್ಪ ಎನ್ನುತ್ತಿದ್ದಳು. ಮುಂದೆ ಹೋಗುವವನ ಕೋಟು ಬೆನ್ನ ಕಡೆ ಕೊಳೆಯಾಗುತ್ತದೆ, ಅವನದೇ ಹಿಂದಿನ ಗಾಲಿ ಎರಚಿದ್ದು. ಬೆನ್ನಟ್ಟಿ ಹೋಗುವವನ ಎದೆ ಕೊಳೆಯಾಗುತ್ತದೆ, ಮುಂದಿನವರು ಎರಚಿದ್ದು. ಇವನ ಕೋಟಿನ ಬೆನ್ನು ಅಂಗಡಿಯಿಂದ ತಂದ ದಿನ ಇದ್ದ ಹಾಗೇ ಇತ್ತು. ಎದೆಯನ್ನು ಮಾತ್ರ ಮೂರು ನೀರಲ್ಲಿ ತಿಕ್ಕಬೇಕಾಗುತ್ತಿತ್ತು.

ಸೊಸೆಯ ಕೆಲಸ ಬೇರೆಯೇ ಜಾತಿಯದು. ಅವಳು ಕನ್ನಡಕ ರಿಪೇರಿಯವಳು. ಆ ನಗರದ ದೊಡ್ಡ ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಕನ್ನಡಕದ ಕಾಲುಗಳಿಗೆ ಕೂರಿಸಿದವಳು. ಬೆರಳು ಸೆಟೆಯತೊಡಗಿದಾಗ ಮೊದಲು ಗಲ್ಲಾಪೆಟ್ಟಿಗೆಗೆ ಕೂರಿಸಿದರು, ಆಮೇಲೆ ಮನೆಗೆ ಕಳಿಸಿದರು. ಮೂರು ವರ್ಷ ಕೈ ಕಟ್ಟಿ ಕೂತಿದ್ದಳು. ಈ ಊರಿನ ಬಿಸಿಲಿಗೆ, ಎರಡನೆಯ ತಿಂಗಳಿಗೇ, ಗೆಣ್ಣುಗಳು ಸಡಿಲವಾದವು. ಒಂದು ದಿನ ಇಸ್ತ್ರಿಯಮ್ಮ ದಾರ ಸುತ್ತಿ ಕಟ್ಟಿಕೊಂಡಿದ್ದ ಕನ್ನಡಕವನ್ನು ಮೂಗಿನಿಂದಲೇ ಕಿತ್ತುಕೊಂಡು ಹೋಗಿ, ಹತ್ತು ನಿಮಿಷಕ್ಕೆ ಸ್ಕ್ರೂ ಹಾಕಿ ತಂದುಕೊಟ್ಟಳು. ಕೊಡುವಾಗ ಅವಳ ಮುಖ ನೋಡಬೇಕಿತ್ತು. ಪೇಟೆಯ ಕನ್ನಡಕದಂಗಡಿಯವನು ವಾರಕ್ಕೊಂದು ಡಬ್ಬಿಯಂತೆ ಕೆಲಸ ಕೊಡತೊಡಗಿದ. ಅವಳು ಕಿಟಕಿಯ ಪಕ್ಕ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಬೆಳಗಿನಿಂದ ಸಂಜೆತನಕ ತಲೆ ಎತ್ತುತ್ತಿರಲಿಲ್ಲ.

“ನೋಡಿದ್ರಾ ಅಮ್ಮ? ನಾನು ಹೇಳಿರಲಿಲ್ವಾ?” ಎಂದು ಗೋಸ್ಕರಪ್ಪ ಎದೆ ಉಬ್ಬಿಸಿಕೊಂಡು ಬೀದಿ ಸುತ್ತಿದ.

ಇಸ್ತ್ರಿಯಮ್ಮ ಬಾಯಿ ಬಿಡಲಿಲ್ಲ. ಸೂರ್ಯ ದಕ್ಷಿಣಕ್ಕೆ ಹೊರಳಲು ಇನ್ನೆಷ್ಟು ದಿನ ಎಂಬುದು ಆಕೆಗೆ ಗೊತ್ತಿತ್ತು. ಹೇಳಬಹುದಿತ್ತು. ಆದರೆ ಈ ಬಡಾಯಿಯ ಗಾಳಿ ತಾನಾಗಿ ಇಳಿಯುವುದನ್ನು ನೋಡುವ ಆಸೆ ಹೇಳಲು ಬಿಡಲಿಲ್ಲ. ತಾನು ಕಾಯುತ್ತಿದ್ದದ್ದು ಅವನ ಮುಖ ಸಪ್ಪಗಾಗುವುದನ್ನು. ಆದರೆ ಬೆಲೆ ತೆರುವವರು ಬೇರೆ ಎಂಬುದು ಆಗ ಆಕೆಯ ತಲೆಗೆ ಹೊಳೆಯಲಿಲ್ಲ. ಆ ಮೂರು ತಿಂಗಳ ಮೌನಕ್ಕೆ ಆಕೆ ತನ್ನನ್ನೂ ಬಿಟ್ಟವಳಲ್ಲ. ಗೋಸ್ಕರಪ್ಪನನ್ನು ಬೈಯುವಾಗೆಲ್ಲ ಕೊನೆಯಲ್ಲಿ ತನಗೂ ಒಂದು ಬೈಗುಳ ಮೀಸಲಿಡುತ್ತಿದ್ದಳು.

ಮೊದಲು ಸುದ್ದಿ ಕೊಟ್ಟದ್ದು ಒಗೆಯುವ ಬುಟ್ಟಿ. ಬಂಡೆಮನೆಯ ಬುಟ್ಟಿಯಲ್ಲಿ ಒಂದು ವಾರ ಸೊಸೆಯ ಒಂದು ಸ್ವೆಟರ್ ಬಂತು. ಮುಂದಿನ ವಾರ ಎರಡು, ಜೊತೆಗೆ ಉಣ್ಣೆಯ ಕಾಲುಚೀಲ. ಅದರ ಮುಂದಿನ ವಾರ ಬೆರಳುಗಳನ್ನು ಅರ್ಧಕ್ಕೆ ಕತ್ತರಿಸಿದ ಕೈಗವಸು. ಬೀದಿಯ ಈಚೆ ಬದಿಯ ಜನ ಇನ್ನೂ ತೆಳು ಅಂಗಿಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ಇಪ್ಪತ್ತು ಹೆಜ್ಜೆ ಆಚೆ ಒಬ್ಬ ಹೆಂಗಸು ಉಣ್ಣೆ ಹೊದ್ದು ಕೂತಿದ್ದಳು.

ಅತ್ತೆ ಹೆಚ್ಚು ದಿನ ಕೂರಲಿಲ್ಲ. ಒಂದು ಬೆಳಗ್ಗೆ ತನ್ನ ಬೆತ್ತದ ಕುರ್ಚಿಯನ್ನು ತಲೆಯ ಮೇಲೆ ಕವುಚಿಕೊಂಡು ರಸ್ತೆ ದಾಟಿ, ಇಸ್ತ್ರಿಯಮ್ಮನ ಜಗಲಿಯ ಬಿಸಿಲಿಗೆ ಹಾಕಿ, ಕಾಲು ಚಾಚಿದಳು. ಯಾರೂ ಕರೆಯಲಿಲ್ಲ, ಅವಳೂ ಕೇಳಲಿಲ್ಲ. “ನಮ್ಮನೇಲಿ ಸತ್ತವರನ್ನ ಎರಡು ದಿನ ಇಟ್ಕೋಬಹುದು, ಕೆಡಲ್ಲ,” ಎಂದಳು ಅಷ್ಟೇ.

ಒಂದು ಸಂಜೆ ಗೋಸ್ಕರಪ್ಪ ಕೋಟು ಕೊಡಲು ಬಂದಾಗ ಇಸ್ತ್ರಿಯಮ್ಮ ಕೊನೆಗೂ ಹೇಳಿದಳು.

“ಇನ್ನು ನಾಲ್ಕು ತಿಂಗಳು ನಿಮ್ಮನೆ ಮೇಲೆ ಬಿಸಿಲು ಬೀಳಲ್ಲಪ್ಪ. ಗೊತ್ತಾ?”

ಅವನು ತಿರುಗಿ ಬಂಡೆಯನ್ನು ನೋಡಿದ, ನಿನ್ನೆ ಯಾರೋ ತಂದು ಇಳಿಸಿ ಹೋಗಿದ್ದಾರೆ ಎಂಬಂತೆ. ಆಮೇಲೆ ಮುಖ ಅರಳಿತು.

“ನಾಲ್ಕೇ ತಿಂಗಳು ತಾನೇ ಅಮ್ಮ? ಓಡಿಸೋಕೆ ಇದೇ ನೋಡಿ ಹೇಳಿ ಮಾಡಿಸಿದ ಕಾಲ. ಮಣ್ಣು ಕೂತಿರುತ್ತೆ, ಧೂಳು ಏಳಲ್ಲ.”

“ನಾನು ಹೇಳಿದ್ದು ಅವಳ ಕೈ ವಿಷಯ.”

“ಅವಳಿಗೋಸ್ಕರ ಹೀಟರ್ ತಂದಿದ್ದೀನಲ್ಲ.”

ತಂದದ್ದು ನಿಜ. ಅದು ಎಲ್ಲಿದೆ ಎಂಬುದನ್ನು ಮರುದಿನ ಅತ್ತೆ ಹೇಳಿದಳು. ಹಿತ್ತಲ ಶೆಡ್ಡಿನಲ್ಲಿ, ಬೈಕು ಬಿಚ್ಚುವಾಗ ಸ್ಪ್ಯಾನರು ತಣ್ಣಗಾಗಿ ಅವನ ಬೆರಳು ಮರಗಟ್ಟುತ್ತವಂತೆ.

ಇಸ್ತ್ರಿಯಮ್ಮನ ಮಾಳಿಗೆಯಲ್ಲಿ ಒಂದು ಕೋಣೆಯಿತ್ತು. ಇಸ್ತ್ರಿಯಾದ ಬಟ್ಟೆಯ ಗಂಟುಗಳನ್ನು ಇಡುವ ಕೋಣೆ. ದಕ್ಷಿಣಕ್ಕೆ ಎರಡು ಕಿಟಕಿ, ಬೆಳಗ್ಗೆ ಎಂಟಕ್ಕೆ ಒಳಬಂದ ಬಿಸಿಲು ನಾಲ್ಕಕ್ಕೆ ಹೊರಹೋಗುತ್ತಿತ್ತು. ಚಳಿ ಮುಗಿಯುವ ತನಕ ಸೊಸೆ ಹಗಲು ಹೊತ್ತು ಅಲ್ಲಿ ಮೇಜು ಹಾಕಿಕೊಳ್ಳಲಿ, ಬಾಡಿಗೆಯ ಮಾತೇ ಬೇಡ ಎಂದು ಆಕೆ ಗೋಸ್ಕರಪ್ಪನಿಗೆ ಹೇಳಿಕಳಿಸಿದಳು. ಅವನು ತಾನೇ ಬಂದು ಉತ್ತರ ಹೇಳಿದ. ಸ್ವಂತ ಮನೆ ಇಟ್ಟುಕೊಂಡು ಹೆಂಡತಿ ಎದುರುಮನೆಯ ಮಾಳಿಗೆಯಲ್ಲಿ ಕೂತರೆ, ಅವಳಿಗೋಸ್ಕರ ಇಷ್ಟೆಲ್ಲ ಮಾಡಿದ ತನಗೆ ಮರ್ಯಾದೆ ಏನು ಉಳಿಯಿತು ಎಂದ. ಅವನ ಮರ್ಯಾದೆ ಎಲ್ಲಿತ್ತು ಎಂದು ಇಸ್ತ್ರಿಯಮ್ಮ ಕೇಳಲಿಲ್ಲ. ಆಕೆಯ ಸ್ವಂತ ಗಂಡನೂ ಒಂದು ಕಾಲದಲ್ಲಿ ನಿನಗೋಸ್ಕರ ತಂದೆ ಎಂದು ರೇಡಿಯೋ ತಂದು, ಸಾಯುವ ತನಕ ತಾನೊಬ್ಬನೇ ಕಿವಿಗೆ ಹಿಡಿದು ಕೇಳಿದವನು. ಈ ತಳಿ ಆಕೆಗೆ ಹೊಸದಲ್ಲ.

ಅಷ್ಟರಲ್ಲಿ ಸೊಸೆಯ ಕೆಲಸಕ್ಕೇ ಕುತ್ತು ಬಂತು. ಅವಳು ಕಳಿಸಿದ್ದ ಕನ್ನಡಕಗಳಲ್ಲಿ ಐದು ವಾಪಸು ಬಂದವು. ಸ್ಕ್ರೂ ಓರೆಯಾಗಿ ಕೂತು, ಕಾಲು ಅಲ್ಲಾಡುತ್ತಿದ್ದವು. ಅಂಗಡಿಯವನು ಕೆಟ್ಟವನಲ್ಲ, ಇಪ್ಪತ್ತನಾಲ್ಕು ಕನ್ನಡಕದ ಡಬ್ಬಿ ಕೊಟ್ಟು, ಶುಕ್ರವಾರದೊಳಗೆ ಇವು ಸರಿಯಾಗಿ ಬಂದರೆ ಮುಂದಕ್ಕೆ ಕೆಲಸ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಈ ಸಲ ಗಲ್ಲಾಪೆಟ್ಟಿಗೆಯೂ ಇಲ್ಲ, ಮತ್ತೆ ಕೈ ಕಟ್ಟಿ ಕೂರುವುದೇ.

ಸೋಮವಾರ ಮಂಗಳವಾರ ಎರಡು ದಿನದಲ್ಲಿ ಅವಳಿಂದ ಆದದ್ದು ಒಂದು ಕನ್ನಡಕ. ಬುಧವಾರ ಬೆಳಗ್ಗೆ ಇಸ್ತ್ರಿಯಾದ ಬಟ್ಟೆ ಕೊಡಲು ಇಸ್ತ್ರಿಯಮ್ಮ ಬಂಡೆಮನೆಯೊಳಗೆ ಕಾಲಿಟ್ಟಾಗ, ಅತ್ತೆ ಟಾರ್ಚು ಹಿಡಿದು ಮೊಣಕಾಲೂರಿ ನೆಲದ ಮೇಲೆ ಸ್ಕ್ರೂ ಹುಡುಕುತ್ತಿದ್ದಳು. ಸೊಸೆ ಬೆರಳುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಿಟಕಿಯ ಹೊರಗಿನ ಬಂಡೆಯನ್ನು ನೋಡುತ್ತಿದ್ದಳು. ಗೋಸ್ಕರಪ್ಪ ಗುಡ್ಡದಲ್ಲಿದ್ದ, ಬೈಕಿನ ಸದ್ದು ಅಲ್ಲಿಗೂ ಕೇಳುತ್ತಿತ್ತು, ಸಿಕ್ಕಿಹಾಕಿಕೊಂಡ ನೊಣದ ಹಾಗೆ.

ಆಗಲೇ ಸೊಸೆ ಮೇಜಿನ ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಕಪಾಟಿಗೆ ಕಾಗದ ಹಾಸುವಾಗ ಅವನ ಪುಸ್ತಕಗಳ ನಡುವೆ ಸಿಕ್ಕಿತಂತೆ. ಇಸ್ತ್ರಿಯಮ್ಮನಿಗೆ ಸರಾಗವಾಗಿ ಓದಲು ಬರುವುದಿಲ್ಲವೆಂದು ತಾನೇ ಓದಿ ಹೇಳಿದಳು. ಮನೆ ಬದಲಿಸುವ ಮೊದಲು ಅವನು ಐದು ಊರುಗಳ ಹೆಸರು ಬರೆದು ಅಂಕ ಹಾಕಿದ್ದ. ಗುಡ್ಡದ ಏರಿಗೆ ಹತ್ತಕ್ಕೆ ಇಷ್ಟು, ಸಡಿಲ ಕಲ್ಲಿಗೆ ಇಷ್ಟು, ಮರಳಿಗೆ, ಹಳ್ಳಕ್ಕೆ, ಮಳೆ ಬಾರದ ದಿನಗಳಿಗೆ. ಸೊಸೆಯ ಸ್ವಂತ ಅಕ್ಕ ಇರುವ ಊರೂ ಅದರಲ್ಲಿತ್ತು. ವರ್ಷವಿಡೀ ಸೆಖೆ, ಅಕ್ಕನ ಮನೆಯ ಪಕ್ಕದಲ್ಲೇ ಮನೆ ಖಾಲಿ ಇತ್ತು. ಅದಕ್ಕೆ ಏರಿನಲ್ಲಿ ಸೊನ್ನೆ ಬಂದು, ಎರಡು ಗೀಟು ಎಳೆದು ಹೊಡೆದುಹಾಕಿದ್ದ. ಈ ಊರಿಗೆ ಐವತ್ತಕ್ಕೆ ನಲವತ್ತೆಂಟು. ಕೆಳಗೆ ಮೂಲೆಯಲ್ಲಿ, ಬೇರೆ ಪೆನ್ನಿನಲ್ಲಿ, ಆಮೇಲೆ ನೆನಪಾಗಿ ಬರೆದ ಹಾಗೆ, ‘ಅವಳ ಕೈಗೂ ಒಳ್ಳೆಯದು’ ಎಂದು ಒಂದು ಸಾಲು.

“ಊರಿಗೆಲ್ಲ ಹೇಳಿದ್ದು ಗೋಸ್ಕರ,” ಎಂದಳು ಸೊಸೆ. “ಬರೆದುಕೊಂಡಿದ್ದು ಗೂ. ಬರೀ ಒಂದು ಗೂ ಅಮ್ಮ, ನನ್ನ ಪಾಲಿಗೆ.”

ಅವಳು ಅಳಲಿಲ್ಲ. ಹಾಳೆಯನ್ನು ಮಡಚಿದ್ದ ಗೆರೆಗೇ ಮತ್ತೆ ಮಡಚಲು ನೋಡಿದಳು; ಬೆರಳು ಬಗ್ಗಲಿಲ್ಲ. ಅತ್ತೆ ನೆಲದಿಂದ ಎದ್ದು, ಹಾಳೆಯನ್ನು ಕಸಿದುಕೊಂಡು ಮಡಚಿ, “ಸ್ಕ್ರೂ ಸಿಗಲಿಲ್ಲ,” ಎಂದಳು. ಆಮೇಲೆ ಮೇಜಿನ ಒಂದು ತುದಿ ಹಿಡಿದಳು.

“ಏಳೇ ಮಗಳೇ. ನಿನ್ನ ಕೈಲಿ ಎತ್ತೋಕಾಗಲ್ಲ, ಡಬ್ಬಿ ಹಿಡ್ಕೊ ಸಾಕು. ತಂಗೀ, ಆ ಕಡೆ ನೀನು ಹಿಡಿ.”

“ಅತ್ತೆ, ಅವರು ಬೇಡ ಅಂದಿದ್ದಾರೆ.”

“ಬೇಡ ಅಂದಿದ್ದು ನಿನಗೆ. ನಾನು ಅವನನ್ನ ಹೆತ್ತೋಳು, ನನಗೆ ಬೇಡ ಅನ್ನೋಕೆ ಅವನಿಗೆ ಇನ್ನೊಂದು ಜನ್ಮ ಬೇಕು.”

ಹೀಗೆ ಇಬ್ಬರು ಮುದುಕಿಯರು, ಇಬ್ಬರ ವಯಸ್ಸು ಸೇರಿಸಿದರೆ ನೂರೈವತ್ತರ ಹತ್ತಿರ, ಹಾಡಹಗಲಲ್ಲಿ ಒಂದು ಮೇಜನ್ನು ಹೊತ್ತು ರಸ್ತೆ ದಾಟಿದರು. ನಡುರಸ್ತೆಯಲ್ಲಿ ಇಳಿಸಿ ಎರಡು ಸಲ ಉಸಿರು ತೆಗೆದುಕೊಂಡರು. ಎರಡೂ ಕಡೆ ಗಾಡಿಗಳು ನಿಂತವು. ಕ್ಷೌರದಂಗಡಿಯವನು ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿ ಬಂದ. ಮೆಟ್ಟಿಲ ಮೇಲೆ ಹತ್ತಿಸಿದ್ದು ಅವನೂ, ಆ ಅರ್ಧ ಗಡ್ಡದವನೂ. ಹಿಂದೆ ಸೊಸೆ, ಡಬ್ಬಿಯನ್ನು ಎದೆಗವಚಿಕೊಂಡು, ತಲೆ ತಗ್ಗಿಸದೆ.

ಕೋಣೆಯಲ್ಲಿ ಮೊದಲ ಒಂದು ಗಂಟೆ ಅವಳು ಏನೂ ಮಾಡಲಿಲ್ಲ. ಬಿಳಿ ಬಟ್ಟೆಯ ಮೇಲೆ ಎರಡೂ ಕೈಗಳನ್ನು ಅಂಗಾತ ಮಲಗಿಸಿ, ಬಿಸಿಲಿಗೆ ಒಡ್ಡಿ ಕೂತಳು. ಮಧ್ಯಾಹ್ನದ ಹೊತ್ತಿಗೆ ಮೊದಲ ಸ್ಕ್ರೂ ಕೂತಿತು. ಇಸ್ತ್ರಿಯಮ್ಮ ಕೆಳಗಿನಿಂದ ಸುಮ್ಮನೆ ಎರಡು ಸಲ ಮೆಟ್ಟಿಲು ಹತ್ತಿ ನೋಡಿ ಬಂದಳು. ಸಂಜೆಗೆ ಆರಾದವು. ಶುಕ್ರವಾರ ಇಪ್ಪತ್ತೆರಡು ಕನ್ನಡಕ ಅಂಗಡಿ ಸೇರಿದವು. ಉಳಿದೆರಡು ಶನಿವಾರ. ಅಂಗಡಿಯವನು ತಡವಾಯಿತೆಂದು ಗೊಣಗಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಅಲ್ಲಾಡಿಸಿ ನೋಡಿ, ಮುಂದಿನ ಡಬ್ಬಿಯನ್ನು ಕೈಗಿಟ್ಟ.

ಮನೆಯಿಂದ ಒಂದು ಮೇಜು, ಒಬ್ಬ ತಾಯಿ, ಒಬ್ಬ ಹೆಂಡತಿ ಹಗಲಿಡೀ ಕಾಣೆಯಾಗಿರುವುದು ಗೋಸ್ಕರಪ್ಪನ ಗಮನಕ್ಕೆ ಬಂದದ್ದು ಭಾನುವಾರ. ಅದೂ ಸ್ನೇಹಿತರು ಬಂದು, ಫ್ಲಾಸ್ಕಿನಲ್ಲಿ ಚಹಾ ಇಲ್ಲದ್ದರಿಂದ. ಬೂಟು ಕುಟ್ಟಿಕೊಂಡು ರಸ್ತೆ ದಾಟಿ ಬಂದ. ನಾಲ್ವರು ಸ್ನೇಹಿತರು ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಆಚೆ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ತಾನು ಊರು ಬಿಟ್ಟು, ಕೆಲಸ ಬಿಟ್ಟು ಬಂದದ್ದೆಲ್ಲವನ್ನೂ ಅವನು ಇಸ್ತ್ರಿ ಮೇಜಿನ ಎದುರು ನಿಂತು ಮೊದಲಿನಿಂದ ಹೇಳಿದ. ಸೊಸೆ ಚಿಮಟ ಹಿಡಿದುಕೊಂಡೇ ಮೆಟ್ಟಿಲ ಅರ್ಧಕ್ಕೆ ಇಳಿದಳು. ಸೊನ್ನೆ ಬಿದ್ದ ಅಕ್ಕನ ಊರಿನ ಮಾತನ್ನು ಎತ್ತಲಿಲ್ಲ, ಹಾಳೆಯನ್ನು ತೋರಿಸಲಿಲ್ಲ.

“ಬಿಸಿಲು ಎಲ್ಲಿ ಬೀಳುತ್ತೋ ಅಲ್ಲಿ ಕೂತಿದ್ದೀನಿ,” ಎಂದಳು. “ಅದಕ್ಕೇ ತಾನೇ ನನ್ನನ್ನ ಕರ್ಕೊಂಡು ಬಂದಿದ್ದು?”

ಅವನು ಆಚೆ ಗೇಟಿನಲ್ಲಿ ನಿಂತಿದ್ದ ಸ್ನೇಹಿತರತ್ತ ತಿರುಗಿ ನೋಡಿದ. ಅತ್ತೆ ಕುರ್ಚಿಯಿಂದ ಏಳದೆ, ಚಹಾಪುಡಿ ಎಡಗಡೆ ಡಬ್ಬಿಯಲ್ಲಿದೆ, ನೀರು ಕುದಿದ ಮೇಲೆ ಹಾಕು, ಮೊದಲೇ ಹಾಕಬೇಡ ಎಂದಳು.

ಮೊದಲು ಹಗಲಷ್ಟೇ ಇದ್ದವರು ಹದಿನೈದು ದಿನ ಕಳೆಯುವುದರಲ್ಲಿ ಹಾಸಿಗೆಗಳನ್ನೂ ತಂದರು. ಯಾರೂ ಜಗಳವಾಡಲಿಲ್ಲ, ಯಾರೂ ಕರೆಯಲೂ ಇಲ್ಲ. ಗೋಸ್ಕರಪ್ಪ ಬಂಡೆಮನೆಯಲ್ಲಿ ಒಬ್ಬನೇ ಉಳಿದ. ಹೆಂಡತಿಗೆ ಅನುಕೂಲವಾಗಲೆಂದು ತಾನೇ ಆ ಏರ್ಪಾಡು ಮಾಡಿದ್ದಾಗಿ ಆಸ್ಪತ್ರೆಯಲ್ಲಿ ಹೇಳಿಕೊಂಡನೆಂದು ಸುದ್ದಿ ಬಂತು. ಇಸ್ತ್ರಿಯಮ್ಮನಿಗೆ ಆಶ್ಚರ್ಯವಾಗಲಿಲ್ಲ. ಅವನು ಕಣ್ಣಿಗೆ ಮಣ್ಣೆರಚುವುದಿದ್ದರೆ ಮೊದಲು ತನ್ನ ಕಣ್ಣಿಗೇ ಎರಚಿಕೊಂಡು ಆಮೇಲೆ ಬೇರೆಯವರತ್ತ ತಿರುಗುವ ಪೈಕಿ.

ಆದರೆ ಬೇಕಾದದ್ದನ್ನು ಕೇಳಲು ಮಾತ್ರ ಅವನು ದಿನವೂ ಬರುತ್ತಿದ್ದ. ಹೆಂಡತಿಯನ್ನಲ್ಲ, ತಾಯಿಯನ್ನಲ್ಲ, ಇಸ್ತ್ರಿಯಮ್ಮನನ್ನು; ಮಾಳಿಗೆಗೂ ಕೇಳಿಸಲಿ ಎಂದು ಗಂಟಲು ಸ್ವಲ್ಪ ಎತ್ತರಿಸಿ. ಎಣ್ಣೆ ಕಲೆಗೆ ಏನು ಹಾಕಬೇಕು ಎಂದು ಕೇಳಿದ. ಉಪ್ಪು ಯಾಕೆ ನೀರಾಗಿದೆ ಎಂದು ಕೇಳಿದ. ಸೂಜಿ ಕೇಳಿದ, ದಾರ ಕೇಳಿದ, ದಾರ ಪೋಣಿಸಿ ಕೊಡಿ ಎಂದೂ ಕೇಳಿದ. ಅವಳ ಕೈ ಈಗ ಹೇಗಿದೆ ಎಂದು ಕೇಳುತ್ತಾನೇನೋ ಎಂದು ಇಸ್ತ್ರಿಯಮ್ಮ ಪ್ರತಿ ಸಲವೂ ಪೆಟ್ಟಿಗೆಯನ್ನು ಒಂದು ಗಳಿಗೆ ಎತ್ತಿ ಹಿಡಿದು ಕಾಯುತ್ತಿದ್ದಳು. ಮಾಳಿಗೆಯಲ್ಲಿಯೂ ಆ ಹೊತ್ತಿಗೆ ಚಿಮಟದ ಸದ್ದು ನಿಲ್ಲುತ್ತಿತ್ತು.

ಚಳಿ ಬಲಿತಿದ್ದ ಒಂದು ಬೆಳಗ್ಗೆ ಅವನು ಮತ್ತೆ ಕೇಳಲು ಬಂದ. ಬೈಕನ್ನು ಓಡಿಸದೆ, ತಳ್ಳಿಕೊಂಡು ರಸ್ತೆ ದಾಟಿ ಬಂದು ಜಗಲಿಯ ಮುಂದೆ ನಿಲ್ಲಿಸಿದ. ಎರಡು ಸ್ವೆಟರ್ ಹಾಕಿದ್ದ. ಅದರಲ್ಲಿ ಒಂದು ಹೆಂಡತಿಯದು, ತೋಳು ಮೊಣಕೈಗೇ ಮುಗಿದಿತ್ತು. ಮೂಗು ಒರೆಸಿಕೊಂಡು, ಮೇಲೆ ಕಿಟಕಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದ. ಇಸ್ತ್ರಿಯಮ್ಮ ಪೆಟ್ಟಿಗೆ ಎತ್ತಿ ಹಿಡಿದಳು.

“ಆ ಮನೇಲಿ ಒಂದು ಚೂರೂ ಬಿಸಿಲು ಬೀಳಲ್ಲ ಅಮ್ಮ, ನಿಮಗೆ ಗೊತ್ತಿಲ್ಲ, ವಿಪರೀತ ತಂಡಿ,” ಎಂದ. “ಮೂರು ದಿನದಿಂದ ಇದು ಸ್ಟಾರ್ಟೇ ಆಗ್ತಿಲ್ಲ. ಮೇಲಿನ ಕೋಣೆ ಕಿಟಕಿ ಕೆಳಗೆ ಬಿಸಿಲು ಚೆನ್ನಾಗಿ ಬೀಳುತ್ತಲ್ಲ, ದಿನಾ ಬೆಳಗ್ಗೆ ಒಂದು ಗಂಟೆ ಇದನ್ನ ಅಲ್ಲಿ ನಿಲ್ಲಿಸ್ಕೊಳ್ಳಲಾ?”